ನದಿಯ ಮೇಲೆ ತೇಲಿದ ಹಿಟ್ಟಿನ ಗಿರಣಿಗಳು

ಕ್ರಿ.ಶ. 537ರಲ್ಲಿ ಗಾಥರು ಎಂಬ ಜರ್ಮನಿಕ್ ಜನ ರೋಮ್ ನಗರಕ್ಕೆ ಮುತ್ತಿಗೆ ಹಾಕಿದರು. ಊರಿಗೆ ನೀರು ತರುತ್ತಿದ್ದ ಕಾಲುವೆಗಳನ್ನೆಲ್ಲ ಕಡಿದು ಹಾಕಿದರು. ಕುಡಿಯೋಕೆ ಬಾವಿಗಳಿದ್ದವು, ಪಕ್ಕದಲ್ಲೇ ಟೈಬರ್ ನದಿ ಇತ್ತು. ಕಷ್ಟ ಬಂದದ್ದು ಹಿಟ್ಟಿಗೆ. ಜನಿಕುಲಮ್ ಗುಡ್ಡದಿಂದ ಧುಮುಕುತ್ತಿದ್ದ ಕಾಲುವೆ ನೀರಿನಿಂದಲೇ ಊರಿನ ಗಿರಣಿಗಳು ತಿರುಗುತ್ತಿದ್ದವು. ಪ್ರಾಣಿಗಳನ್ನು ಕಟ್ಟಿ ಬೀಸೋಣ ಎಂದರೆ ಅವಕ್ಕೆ ಹಾಕಲು ಸಾಕಷ್ಟು ಮೇವಿಲ್ಲ.

ಊರನ್ನು ಕಾಯುತ್ತಿದ್ದ ಸೇನಾಪತಿ ಬೆಲಿಸಾರಿಯಸ್ ಗಿರಣಿಯನ್ನೇ ನದಿಗೆ ಇಳಿಸಿದ. ಸೇತುವೆಯ ಕೆಳಗಡೆ ಎರಡೂ ದಡಕ್ಕೆ ಹಗ್ಗ ಬಿಗಿದು, ಎರಡು ದೋಣಿಗಳನ್ನು ಎರಡಡಿ ಅಂತರದಲ್ಲಿ ಕಟ್ಟಿಸಿದ. ದೋಣಿಗಳ ಮೇಲೆ ಬೀಸುವ ಕಲ್ಲು, ನಡುವೆ ನೀರಿನ ಚಕ್ರ. ಹಿಂದೆ ಇಂಥದ್ದೇ ಇನ್ನಷ್ಟು ಜೋಡಿ. ಸುದ್ದಿ ತಿಳಿದ ಗಾಥರು ಮೇಲಿನಿಂದ ದೊಡ್ಡ ಮರಗಳನ್ನೂ ಹೆಣಗಳನ್ನೂ ನದಿಗೆ ಎಸೆದು ಚಕ್ರಗಳನ್ನು ಮುರಿದರು. ಬೆಲಿಸಾರಿಯಸ್ ಸೇತುವೆಯ ಹತ್ತಿರ ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿಸಿದ. ಬಂದದ್ದೆಲ್ಲ ಅಲ್ಲೇ ಸಿಕ್ಕಿಕೊಂಡಿತು. ಇದನ್ನೆಲ್ಲ ಬರೆದಿಟ್ಟವನು ಅವನ ಜೊತೆಗಿದ್ದ ಇತಿಹಾಸಕಾರ ಪ್ರೊಕೋಪಿಯಸ್.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ದೋಣಿ ಕಟ್ಟಲು ಆರಿಸಿದ ಜಾಗ. ಸೇತುವೆಯ ಕಂಬಗಳ ನಡುವೆ ದಾರಿ ಕಿರಿದು, ಹಾಗಾಗಿ ಕಮಾನಿನಿಂದ ನೀರು ರಭಸವಾಗಿ ನುಗ್ಗುತ್ತದೆ. ಗಿರಣಿಗೆ ಬೇಕಾದದ್ದೂ ಅದೇ. ನೀರಿನ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ! ಒಂದೊಂದು ಲೀಟರ್ ನೀರಿನ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಜೊತೆಗೆ ಅಷ್ಟೇ ಸಮಯದಲ್ಲಿ ಎರಡರಷ್ಟು ನೀರು ಬಂದು ಹಲಗೆಗೆ ಬಡಿಯುತ್ತದೆ.

ಒಂದು ಲೆಕ್ಕ ಹಾಕೋಣ. ದೋಣಿಗಳು ಇನ್ನೂ ದೂರ ದೂರ ಇರುವ ದೊಡ್ಡ ಗಿರಣಿ ಅಂದುಕೊಳ್ಳಿ. ಚಕ್ರದ ಹಲಗೆ 5 ಮೀಟರ್ ಉದ್ದ, ಅರ್ಧ ಮೀಟರ್ ನೀರಿನೊಳಗೆ. ನೀರಿನ ವೇಗ ಸೆಕೆಂಡಿಗೆ 1.5 ಮೀಟರ್. ಅಷ್ಟು ಜಾಗದಲ್ಲಿ ಹಾದುಹೋಗುವ ನೀರಿನ ಶಕ್ತಿ ಸುಮಾರು 4,200 ವಾಟ್. ಅದೆಲ್ಲ ಕೈಗೆ ಸಿಗಲ್ಲ. ಹಲಗೆ ನೀರಿನಷ್ಟೇ ವೇಗವಾಗಿ ಓಡಿದರೆ ನೀರಿಗೆ ತಳ್ಳಲು ಏನೂ ಉಳಿಯುವುದಿಲ್ಲ. ನಿಂತೇಬಿಟ್ಟರೆ ಕೆಲಸ ಆಗುವುದಿಲ್ಲ. ಐದರಲ್ಲಿ ಒಂದು ಪಾಲು ಸಿಕ್ಕಿತು ಅಂದುಕೊಂಡರೂ 840 ವಾಟ್ ಆಯಿತು. ಅಂದರೆ ನಮ್ಮ ಅಡುಗೆಮನೆಯ 750 ವಾಟಿನ ಮಿಕ್ಸಿಗಿಂತ ತುಸು ಜಾಸ್ತಿ. ಆದರೆ ಇದು ಹಗಲೂ ರಾತ್ರಿ ತಿರುಗುತ್ತದೆ, ಅದೂ ಪುಕ್ಕಟೆ.

ನೀರಿನ ಚಕ್ರಕ್ಕೆ ದಡದಲ್ಲಿ ಒಂದು ದೊಡ್ಡ ತೊಂದರೆ ಇದೆ. ಪ್ರವಾಹ ಬಂದರೆ ಮುಳುಗುತ್ತದೆ, ಬೇಸಿಗೆಯಲ್ಲಿ ನೀರೇ ಎಟುಕುವುದಿಲ್ಲ. ದೋಣಿಯಾದರೆ ನದಿಯ ಜೊತೆಗೇ ಏರಿ ಇಳಿಯುತ್ತದೆ, ಹಲಗೆ ಯಾವಾಗಲೂ ಅಷ್ಟೇ ಆಳದಲ್ಲಿರುತ್ತದೆ. ಅಣೆಕಟ್ಟು ಬೇಡ, ತೂಬು ಬೇಡ. ಜಾಣತನ ಇರುವುದು ಚಕ್ರದಲ್ಲಲ್ಲ, ತೇಲುವುದರಲ್ಲಿ.

ಮುಂದೆ ಯುರೋಪಿನಲ್ಲಿ ಎರಡು ದೋಣಿಗಳಲ್ಲಿ ಒಂದು ದೊಡ್ಡದಾಯಿತು. ಅದರ ಮೇಲೆ ಮರದ ಮನೆ, ಒಳಗೆ ಕಲ್ಲುಗಳು. ಚಿಕ್ಕ ದೋಣಿ ಅಚ್ಚಿನ ಇನ್ನೊಂದು ತುದಿಯನ್ನು ಹೊರುತ್ತದೆ. ನೀರಿನ ಚಕ್ರ ನಿಧಾನ, ನಿಮಿಷಕ್ಕೆ ಕೆಲವೇ ಸುತ್ತು. ಅಚ್ಚಿನ ಮೇಲಿನ ದೊಡ್ಡ ಹಲ್ಲುಚಕ್ರ ಚಿಕ್ಕದೊಂದನ್ನು ತಿರುಗಿಸಿದಾಗ ವೇಗ ಹೆಚ್ಚುತ್ತದೆ, ಅಡ್ಡ ತಿರುಗುತ್ತಿದ್ದದ್ದು ನೆಟ್ಟಗೆ ನಿಂತ ಕಂಬವನ್ನು ತಿರುಗಿಸುತ್ತದೆ. ಕೆಳಗಿನ ಕಲ್ಲು ಅಲುಗುವುದಿಲ್ಲ, ಮೇಲಿನದು ತಿರುಗುತ್ತದೆ. ನಡುವಿನ ತೂತಿನಿಂದ ಬಿದ್ದ ಕಾಳು ಕಲ್ಲಿನ ಗೀರುಗಳಲ್ಲಿ ಕತ್ತರಿಸಿಕೊಂಡು, ಹಿಟ್ಟಾಗಿ ಅಂಚಿನಿಂದ ಉದುರುತ್ತದೆ.

ಹತ್ತನೇ ಶತಮಾನದಲ್ಲಿ ಇರಾಕಿನ ಮೊಸುಲ್‌ನಲ್ಲಿ ಟೈಗ್ರಿಸ್ ನದಿಯ ನಟ್ಟನಡುವೆ ಕಬ್ಬಿಣದ ಸರಪಳಿಗೆ ಕಟ್ಟಿದ ಗಿರಣಿಗಳನ್ನು ಇಬ್ನ್ ಹೌಕಲ್ ಎಂಬ ಪ್ರವಾಸಿ ಕಂಡಿದ್ದ. ಅವನ್ನು ಕಟ್ಟಿದ್ದು ಕಬ್ಬಿಣ ಮತ್ತು ತೇಗದಿಂದ. ಆ ಕಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದ ಇರಾಕಿಗೆ ತೇಗ ಹೋಗುತ್ತಿತ್ತು. ಮಧ್ಯಯುಗದ ಪ್ಯಾರಿಸ್‌ನವರೂ ಸೇತುವೆಯ ಕಮಾನುಗಳ ಕೆಳಗೇ ಗಿರಣಿ ಕಟ್ಟಿಕೊಂಡಿದ್ದರು. ಡ್ಯಾನ್ಯೂಬ್, ರೈನ್, ಪೋ ನದಿಗಳಲ್ಲಂತೂ ಅವು ಸಾಲುಸಾಲಾಗಿದ್ದವು.

ಅಪಾಯವೂ ಇತ್ತು. ಹಗ್ಗ ಕಿತ್ತ ಗಿರಣಿ ತೇಲಿಹೋಗಿ ಸೇತುವೆಗೋ ಕೆಳಗಿನ ಇನ್ನೊಂದು ಗಿರಣಿಗೋ ಬಡಿಯುತ್ತಿತ್ತು. ಡ್ಯಾನ್ಯೂಬಿನಲ್ಲಿ ಚಳಿಗಾಲದ ಮಂಜುಗಡ್ಡೆಗೆ ಹೆದರಿ ಅವನ್ನು ದಡದ ಆಸರೆಗೆ ಎಳೆದೊಯ್ಯಬೇಕಿತ್ತು. ಆದರೆ ಕೊನೆಗೆ ಅವನ್ನು ಮುಗಿಸಿದ್ದು ಉಗಿ. ನೀರು ಜೋರಾಗಿ ಹರಿಯುವ ಆಳದ ಜಾಗವೇ 19ನೇ ಶತಮಾನದ ಉಗಿಹಡಗುಗಳಿಗೂ ಬೇಕಿತ್ತು. ದಡದಲ್ಲಿ ಎದ್ದ ಉಗಿ ಗಿರಣಿಗಳು ನದಿಯ ಹಂಗೇ ಇಲ್ಲದೆ ಬೀಸತೊಡಗಿದವು. ಆಸ್ಟ್ರಿಯಾದ ಮುರೆಕ್ ಮತ್ತು ಸ್ಲೊವಾಕಿಯಾದ ಕೊಲಾರೊವೊ ಊರುಗಳಲ್ಲಿ ಹಳೆಯ ಮಾದರಿಯಲ್ಲೇ ಇಂಥ ಗಿರಣಿಗಳನ್ನು ಮತ್ತೆ ಕಟ್ಟಿದರು.