ಒಂದು ಲೋಟ ನೀರು ಮತ್ತು ಸೊಸೆಯ ನಿದ್ದೆ

1956ರಲ್ಲಿ ಜಪಾನ್ ಸರ್ಕಾರದ ಆರ್ಥಿಕ ಶ್ವೇತಪತ್ರ 'ಇದಿನ್ನು ಯುದ್ಧೋತ್ತರ ಕಾಲವಲ್ಲ' ಎಂದು ಸಾರಿತು. ಚರಿತ್ರೆಕಾರರು ಈ ಮಾತನ್ನು ಮತ್ತೆ ಮತ್ತೆ ಎತ್ತಿ ಆಡುತ್ತಾರೆ. ನನಗೋ, ಅದಕ್ಕೂ ಕೆಲವು ತಿಂಗಳು ಮೊದಲು, 1955ರ ಡಿಸೆಂಬರ್‌ನಲ್ಲಿ ತೋಷಿಬಾ ಮಾರಾಟಕ್ಕಿಟ್ಟ ವಿದ್ಯುತ್ ರೈಸ್ ಕುಕ್ಕರ್ ಮೇಲೆಯೇ ಕಣ್ಣು.

ಅಲ್ಲಿಯವರೆಗೆ ಸೊಸೆ ನಸುಕಿನಲ್ಲೇ ಎದ್ದು ಸೌದೆ ಒಲೆ ಹಚ್ಚಬೇಕಿತ್ತು. ಉರಿ ತುಸು ಹೆಚ್ಚಾದರೆ ಅನ್ನ ತಳ ಹಿಡಿಯುತ್ತಿತ್ತು, ಕಡಿಮೆಯಾದರೆ ಅಕ್ಕಿ ಬೇಯುತ್ತಿರಲಿಲ್ಲ. ಎರಡೂ ಅತ್ತೆಯ ಬಾಯಿಗೆ ಆಹಾರವೇ! ಈ ಕುಕ್ಕರ್ ರೂಪಿಸಿದ, ಸಣ್ಣ ಕಾರ್ಖಾನೆಯೊಂದರ ಒಡೆಯ ಮಿನಾಮಿ ಯೋಶಿತದಾ ಮತ್ತು ಅವರ ಹೆಂಡತಿ ಫುಮಿಕೋ ಅನ್ನ ಮಾಡಿ ಮಾಡಿ ನೋಡಿ ಒಂದು ಗುಟ್ಟು ಹಿಡಿದರು: ಕುದಿ ಬಂದ ಮೇಲೆ ಸುಮಾರು 20 ನಿಮಿಷ ಬೇಯಿಸಿದರೆ ಅನ್ನ ಹದವಾಗುತ್ತದೆ. ಆ 20 ನಿಮಿಷವನ್ನು ಅಳೆಯಲು ಅವರು ಗಡಿಯಾರವನ್ನು ನೆಚ್ಚಲಿಲ್ಲ, ನೀರನ್ನು ನೆಚ್ಚಿದರು. ಅಕ್ಕಿಯ ಪಾತ್ರೆಯನ್ನು ಇನ್ನೊಂದು ಪಾತ್ರೆಯೊಳಗಿಟ್ಟು, ಹೊರಪಾತ್ರೆಗೆ ಒಂದು ಲೋಟ ನೀರು. ಆ ನೀರು ಇರುವಷ್ಟು ಹೊತ್ತು ತಾಪ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ನೀರು ಬತ್ತಿದ ಕೂಡಲೇ ತಾಪ ಸರ್ರನೆ ಏರುತ್ತದೆ. ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ ಬಿಸಿಗೆ ಬಾಗುತ್ತದೆ, ಏಕೆಂದರೆ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ವಿಚ್ ಆರುತ್ತದೆ. ಸೊಸೆ ಇನ್ನೂ ಮಲಗಿರಬಹುದು.

1960ರಲ್ಲಿ ಪ್ರಧಾನಿ ಇಕೆದಾ ಹಯಾತೋ ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿ ಮಾಡುವ ಯೋಜನೆ ಮುಂದಿಟ್ಟರು. ಏಳೇ ವರ್ಷ ಸಾಕಾಯಿತು. ಟಿವಿ, ವಾಷಿಂಗ್ ಮಷೀನ್, ಫ್ರಿಜ್‌ಗಳಿಗೆ ಜನ 'ಮೂರು ಪವಿತ್ರ ನಿಧಿಗಳು' ಎಂದು ಹೆಸರಿಟ್ಟರು. ಅರಸು ಮನೆತನದ ಕನ್ನಡಿ, ಖಡ್ಗ, ರತ್ನಗಳಿಗೆ ಸಲ್ಲುತ್ತಿದ್ದ ಹೆಸರದು! ನಗರದಂಚಿನಲ್ಲಿ ಎದ್ದ 'ದಾಂಚಿ' ವಸತಿ ಸಮುಚ್ಚಯಗಳ ಪುಟ್ಟ ಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳಿಗಷ್ಟೇ ಜಾಗ. 'ಮನೆ ಬೇಕು, ಕಾರು ಬೇಕು, ಮುದುಕಿ ಬೇಡ' ಎಂಬುದು ಮದುವೆಯ ವಯಸ್ಸಿನ ಹುಡುಗಿಯರ ಬಾಯಲ್ಲಿ ಓಡಾಡುತ್ತಿದ್ದ ಮಾತು.

ಹಾಗಾದರೆ ಉಳಿದ ಹೊತ್ತೆಲ್ಲ ಅವಳದಾಯಿತೇ? ಹೊಲದಲ್ಲೋ ಅಂಗಡಿಯಲ್ಲೋ ಗಂಡನ ಜೊತೆ ದುಡಿಯುತ್ತಿದ್ದ ಹೆಣ್ಣು ದಾಂಚಿಯಲ್ಲಿ ಪೂರ್ಣಾವಧಿ ಗೃಹಿಣಿಯಾದಳು. ಗಂಡ ಕಂಪನಿಯಿಂದ ಬರುವುದು ಅಪರಾತ್ರಿ. 1975ರ ಹೊತ್ತಿಗೆ ಹೆಂಗಸರಲ್ಲಿ ದುಡಿಮೆಯಲ್ಲಿ ತೊಡಗಿದ್ದವರ ಪಾಲು ಸುಮಾರು ಶೇ. 46ಕ್ಕೆ ಇಳಿದಿತ್ತು. ಅಷ್ಟರಲ್ಲಿ ಮಕ್ಕಳ ಪರೀಕ್ಷೆಗೆ ಟೊಂಕಕಟ್ಟಿ ನಿಂತ ತಾಯಂದಿರಿಗೆ 'ಶಿಕ್ಷಣ ಅಮ್ಮ' ಎಂಬ ಕುಹಕದ ಹೆಸರೂ ಅಂಟಿಕೊಂಡಿತ್ತು.