ಪಿಎಚ್‌ಸಿ ಮುಂದೆ ಯಾರು ಎಷ್ಟು ಹೊತ್ತು ಕಾಯಬೇಕು?

ಬೆಂಗಳೂರಿನ ಬಡಾವಣೆಯಲ್ಲಿ ಜ್ವರ ಬಂದರೆ ನಡೆದು ಹೋಗುವಷ್ಟು ದೂರದಲ್ಲೇ ಕ್ಲಿನಿಕ್ ಸಿಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಬೇಗ ಕೆಲಸ ಮುಗಿಯುತ್ತದೆ. ಯಾದಗಿರಿ ಕಡೆಯ ಹಳ್ಳಿಯಲ್ಲಿ ಕೂಲಿ ಮಾಡುವ ಹೆಂಗಸಿಗೆ ಅದೇ ಜ್ವರಕ್ಕೆ ಇಡೀ ದಿನ ಹೋಗಬಹುದು. ಪಿಎಚ್‌ಸಿಗೆ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಹೋಗಲು ಬಸ್ಸಿಗೆ ಕಾಯಬೇಕು, ಅಲ್ಲಿ ಚೀಟಿಗೆ ಕಾಯಬೇಕು, ಡಾಕ್ಟರಿಗೆ ಕಾಯಬೇಕು, ಮಾತ್ರೆಗೂ ಸಾಲು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮಾತ್ರೆ ಪುಕ್ಕಟೆ ಸಿಕ್ಕರೂ ಆ ಕೂಲಿ ಹೋಯಿತಲ್ವಾ?

ಈ ವ್ಯತ್ಯಾಸ ನಿನ್ನೆ ಮೊನ್ನೆಯದಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ 1930ರ ದಶಕದ ಹೊತ್ತಿಗೇ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಂಡ್ಯ, ಕ್ಲೋಸ್‌ಪೇಟೆ (ಈಗಿನ ರಾಮನಗರ) ಭಾಗದಲ್ಲಿ ಹಳ್ಳಿಗಳ ಆರೋಗ್ಯ ಕೆಲಸ ಶುರುವಾಗಿತ್ತು. ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು 1956ರಲ್ಲಿ ನಮ್ಮೊಂದಿಗೆ ಸೇರಿದಾಗ ಈ ಓಟದಲ್ಲಿ ತುಂಬಾ ಹಿಂದಿದ್ದವು.

ದೇಶದ ಮಟ್ಟದಲ್ಲಿ ಆರೋಗ್ಯ ಸೇವೆ ಹೇಗಿರಬೇಕು ಎಂದು ಸಲಹೆ ಕೊಟ್ಟ 1946ರ ಭೋರ್ ಸಮಿತಿ ದೊಡ್ಡ ಕನಸನ್ನೇ ಕಂಡಿತ್ತು. ಸದ್ಯಕ್ಕೆ 40,000 ಜನರಿಗೆ ಒಂದು ಕೇಂದ್ರ, ಅದಕ್ಕೆ ಇಬ್ಬರು ಡಾಕ್ಟರು. ಮುಂದೆ 10,000ದಿಂದ 20,000 ಜನರಿಗೆ 75 ಹಾಸಿಗೆಯ ಆಸ್ಪತ್ರೆ. 1952ರಲ್ಲಿ ಕೆಲಸ ಶುರುವಾದಾಗ ಸಿಕ್ಕಿದ್ದು ಸುಮಾರು ನೂರು ಹಳ್ಳಿಗಳ ಬ್ಲಾಕಿಗೊಂದು ಕೇಂದ್ರ ಮಾತ್ರ. 1980ರ ದಶಕದಲ್ಲಿ ಬಯಲು ಸೀಮೆಗೆ 30,000 ಜನರಿಗೊಂದು, ಗುಡ್ಡಗಾಡಿಗೆ 20,000 ಜನರಿಗೊಂದು ಎಂಬ ಲೆಕ್ಕ ಬಂತು. ಈಗಲೂ ಎಷ್ಟೋ ಪಿಎಚ್‌ಸಿಗಳಲ್ಲಿ ಇರುವುದು ಒಬ್ಬರೇ ಡಾಕ್ಟರು, ಆರು ಬೆಡ್ಡು. 75 ಹಾಸಿಗೆಯ ಮಾತು ಎಲ್ಲಿ ಹೋಯಿತು ಅಂತ ಕೇಳುವವರೇ ಇಲ್ಲ. ನನಗೆ ಇದು ಬಹಳ ಬೇಸರದ ಸಂಗತಿ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆರೋಗ್ಯ, ಶಿಕ್ಷಣ, ರಸ್ತೆ ಎಲ್ಲವನ್ನೂ ಅಳೆದು 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅದರಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗಕ್ಕೇ ಸೇರಿದ್ದವು. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬರಲು ಮತ್ತೆ ಹತ್ತು ವರ್ಷ ಬೇಕಾಯಿತು.

ಕಟ್ಟಡ ಬಂದರೂ ಸಾಲು ಕರಗುವುದಿಲ್ಲ. ಇರುವ ಒಬ್ಬ ಡಾಕ್ಟರಿಗೆ ಪಕ್ಕದ ಪಿಎಚ್‌ಸಿಯ ಇನ್‌ಚಾರ್ಜೂ ಇರಬಹುದು. ತಾಲ್ಲೂಕಿನಲ್ಲಿ ಮೀಟಿಂಗ್, ಕೋರ್ಟಿನಲ್ಲಿ ಸಾಕ್ಷಿ, ನಡುವೆ ಕ್ಯಾಂಪು. ಆವತ್ತು ಬಂದವರಿಗೆ ನರ್ಸಮ್ಮನೇ ಗತಿ. 2012ರ ಕಾಯ್ದೆ ಹೊಸ ಡಾಕ್ಟರುಗಳಿಗೆ ಒಂದು ವರ್ಷದ ಗ್ರಾಮೀಣ ಸೇವೆ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಊರಿನವರ ಪರಿಚಯ ಆಗುವಷ್ಟರಲ್ಲಿ ವರ್ಷ ಮುಗಿದು ಅವರು ಪಿಜಿ ಓದಲು ಹೊರಡುತ್ತಾರೆ.

ಇಷ್ಟು ವರ್ಷ ಸರ್ಕಾರಗಳು ಜನಸಂಖ್ಯೆ ಎಣಿಸಿವೆ, ಹಾಸಿಗೆ ಎಣಿಸಿವೆ, ಹುದ್ದೆ ಎಣಿಸಿವೆ. ಜನ ಕಾದ ಹೊತ್ತನ್ನು ಲೆಕ್ಕಕ್ಕೇ ತಗೊಂಡಿಲ್ಲ. ಓಪಿಡಿ ರಿಜಿಸ್ಟರಿನಲ್ಲಿ ಸಾಮಾನ್ಯವಾಗಿ ಹೆಸರು, ವಯಸ್ಸು, ಊರು, ಕಾಯಿಲೆ, ಕೊಟ್ಟ ಮಾತ್ರೆ ಇರುತ್ತದೆ. ರೋಗಿ ಎಷ್ಟು ಗಂಟೆಗೆ ಬಂದರು, ಡಾಕ್ಟರು ಎಷ್ಟು ಗಂಟೆಗೆ ನೋಡಿದರು ಎಂಬ ಎರಡು ಕಾಲಂ ಸೇರಿಸಲು ಹೊಸ ಕಟ್ಟಡ ಬೇಡ, ಹೊಸ ಬಜೆಟ್ಟೂ ಬೇಡ. ಯಾವ ತಾಲ್ಲೂಕಿನಲ್ಲಿ ಜನ ಜಾಸ್ತಿ ಕಾಯುತ್ತಾರೋ, ಮುಂದಿನ ಡಾಕ್ಟರನ್ನು ಮೊದಲು ಅಲ್ಲಿಗೆ ಹಾಕಲಿ.