ಅರ್ಧ ಸೇರು ನೀರಿನ ಪಾಠ

ಮನೆಯಲ್ಲಿ ಓಆರ್‌ಎಸ್ ಪೊಟ್ಟಣ, ಅಂದರೆ ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದನ್ನು ಎಷ್ಟು ನೀರಿಗೆ ಹಾಕಬೇಕು ಅಂತ ಬರೆದಿರುವ ಜಾಗ ಹುಡುಕಿ. ತಕ್ಷಣ ಸಿಕ್ಕಿತಾ?

ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿನ ಜೀವಕ್ಕೇ ಅಪಾಯ. ಅಂದಮೇಲೆ ಪೊಟ್ಟಣದ ಮೇಲೆ ಕಂಪನಿಯ ಹೆಸರಿಗಿಂತ ನೀರಿನ ಅಳತೆ ದೊಡ್ಡದಾಗಿ ಕಾಣಬೇಕು ಅಲ್ವಾ? ಬೇಕಾದ ವಿಷಯ ಬೇಕಾದ ಹೊತ್ತಿಗೆ ಕಣ್ಣಿಗೆ ಬೀಳುವಂತೆ ಜೋಡಿಸುವುದೇ ಮಾಹಿತಿ ವಿನ್ಯಾಸ.

ಆದರೆ ಪೊಟ್ಟಣವೇ ಸಿಗದ ಊರಿನಲ್ಲಿ? ಓದಲು ಬಾರದ ತಾಯಿಗೆ? ಅಲ್ಲಿ ಅಳತೆ ಅವಳ ಕೈಯಲ್ಲೇ ಕೂತಿರಬೇಕು. ಹಾಗೆ ಕೂರಿಸುವ ಕೆಲಸ ಕಲಿಕಾ ವಿನ್ಯಾಸದ್ದು.

1980ರಲ್ಲಿ ಬಾಂಗ್ಲಾದೇಶದ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆ ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಹಳ್ಳಿಗಳಿಗೆ ಕಳಿಸಿತು. ಅವರು ಮನೆಮನೆಗೆ ಹೋಗಿ ಭೇದಿಗೆ ಕೊಡುವ ಪಾನಕ ಕಲಿಸಿದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು (ಸುಮಾರು ಅರ್ಧ ಲೀಟರ್) ನೀರು. ಬೆಲ್ಲ ರುಚಿಗೆ ಹಾಕಿದ್ದಲ್ಲ. ಕರುಳು ಸಕ್ಕರೆಯ ಅಂಶವನ್ನು ಒಳಗೆ ಎಳೆದುಕೊಳ್ಳುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರದ್ದು, ಕೆಲವು ಮನೆಗಳಲ್ಲಿ ಇರುವುದೂ ಇಲ್ಲ. ಬೆರಳುಗಳು ಎಲ್ಲರಿಗೂ ಇವೆ. ತಾಯಿ ಬರೀ ಕೇಳಿಸಿಕೊಂಡರೆ ಸಾಲದು, ತಾನೇ ಕಲಸಿ ತೋರಿಸಬೇಕಿತ್ತು.

ನನಗೆ ತುಂಬಾ ಹಿಡಿಸಿದ್ದು ಕಲಿಸುವ ಹೆಣ್ಣುಮಕ್ಕಳ ಸಂಬಳದ ಲೆಕ್ಕ. ಪಾಠ ಹೇಳಿ ಬಂದ ಮಾತ್ರಕ್ಕೆ ಹಣವಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಅದೇ ಊರಿಗೆ ಹೋಗಿ ಕೆಲವು ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಎಷ್ಟು ನೆನಪಿದೆಯೋ, ಕಲಿಸಿದವಳಿಗೆ ಅದಕ್ಕೆ ತಕ್ಕ ದುಡ್ಡು. ತಾಯಿ ಮರೆತರೆ ತಪ್ಪು ಪಾಠದ್ದು. ನಮ್ಮ ಶಾಲೆಗಳಲ್ಲಿ ಮರೆತ ಮಗುವನ್ನೇ ಬೈಯುತ್ತೇವಲ್ಲ, ಅದನ್ನು ನೆನೆದರೆ ಸಂಕಟವಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ತಾಯಂದಿರಿಗೆ ಪಾನಕ ಮಾಡಲು ಬರುತ್ತಿತ್ತು, ಆದರೆ ಮಗುವಿಗೆ ಭೇದಿಯಾದಾಗ ಮಾಡುತ್ತಿದ್ದವರು ಕಡಿಮೆ. ಯಾಕೆ ಅಂತ ಹುಡುಕಿದಾಗ ಕಂಡದ್ದು ಇದು: ಕಲಿಸುವವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಅವರನ್ನು ಢಾಕಾದ ಕಾಲರಾ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಈ ನೀರು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಸಿದರು. ಮನೆಯ ಗಂಡಸರನ್ನು ಬಿಟ್ಟದ್ದೂ ತಪ್ಪಾಗಿತ್ತು. ಆಮೇಲೆ ಸಂತೆಯಲ್ಲಿ, ಮಸೀದಿಯಲ್ಲಿ ಅವರಿಗೂ ಇದೇ ಪಾಠ ನಡೆಯಿತು. 1990ರ ಹೊತ್ತಿಗೆ ಆ ಮೂರು ಬೆರಳಿನ ಚಿಟಿಕೆ 1 ಕೋಟಿಗೂ ಜಾಸ್ತಿ ಮನೆಗಳನ್ನು ತಲುಪಿತ್ತು.